ರಕ್ತ ತೆಳುಮಾಡುವ ಮಾತ್ರೆಗಳ ಸನ್ನಿಧಾನಕ್ಕೆ ನಾಗರಬಾವಿಯಿಂದ ಒಂದು ಬಿನ್ನಹ

ಮಹಾರಾಜಶ್ರೀ ವಾರ್ಫರಿನ್ ಅವರಿಗೆ ಹಾಗೂ ತಮ್ಮ ಸಮಸ್ತ ಬಂಧುವರ್ಗಕ್ಕೆ,

ಬೆಂಗಳೂರು ನಾಗರಬಾವಿ 2ನೇ ಹಂತದಿಂದ ತಮ್ಮ ವಿಧೇಯಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ತಮ್ಮ ಕೃಪೆಯಿಂದ ನಾವಿಲ್ಲಿ ಕ್ಷೇಮ. ಇದು ಮರ್ಯಾದೆಗೆ ಬರೆದ ಮಾತಲ್ಲ, ಅಮ್ಮ ಬದುಕಿರುವುದೇ ತಮ್ಮಿಂದ.

ಅಮ್ಮನ ಎದೆಯೊಳಗೆ ಕೆಟ್ಟುಹೋಗಿದ್ದ ಮೈಟ್ರಲ್ ಕವಾಟ ತೆಗೆದು ಯಾಂತ್ರಿಕ ಕವಾಟ ಕೂರಿಸಿದ ದಿನದಿಂದ ತಾವು ನಮ್ಮ ಮನೆಯವರೇ ಆಗಿದ್ದೀರಿ. ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ತಿಥಿ, ರಾಹುಕಾಲದ ಪಕ್ಕದಲ್ಲಿ ಅಮ್ಮ ಪೆನ್ಸಿಲಿನಿಂದ ತಮ್ಮ ಪ್ರಮಾಣ ಬರೆದಿಡುತ್ತಾರೆ. ಸೋಮವಾರ 2, ಮಂಗಳವಾರ 3, ಬುಧವಾರ ಮತ್ತೆ 2. ಅರ್ಧ ಮಾತ್ರೆ ಬೇಕಾದ ದಿನ ಹಳೆಯ ಬ್ಲೇಡಿನಿಂದ ಕತ್ತರಿಸಿ, ಉಳಿದರ್ಧವನ್ನು ಕಾಗದದಲ್ಲಿ ಮಡಚಿ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಾಗ ಅವರ ಪಕ್ಕ ಮಲಗಿದವರಿಗೆ ಕವಾಟದ ಟಿಕ್ ಟಿಕ್ ಕೇಳಿಸುತ್ತದೆ. ಆ ಕವಾಟದ ಮೇಲೆ ಒಂದು ಸಣ್ಣ ಹೆಪ್ಪು ಕೂತರೂ ಸಾಕು, ಒಳಗಿನ ಬಿಲ್ಲೆ ಆಡದೆ ನಿಲ್ಲಬಹುದು. ಹೆಪ್ಪು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ. ಅದಾಗದಂತೆ ದಿನವೂ ಕಾಯುತ್ತಿರುವ ತಮಗೆ ಎಷ್ಟು ಕೈಮುಗಿದರೂ ಸಾಲದು.

ತಮ್ಮ ಪೂರ್ವಾಪರವೂ ನಮಗೆ ಗೊತ್ತು. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಹಸುಗರುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹಿಮಪಾತದ ನಡುವೆ ಮ್ಯಾಡಿಸನ್ ನಗರಕ್ಕೆ ಹೊತ್ತು ತಂದ. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದು ಅವನ ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಅದರ ಬೆನ್ನು ಹತ್ತಿದ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಸಂಗಡಿಗರ ಕೈಯಲ್ಲಿ ತಮ್ಮ ಜನ್ಮವಾಯಿತು. 1948ರಲ್ಲಿ ತಾವು ಇಲಿ ಪಾಷಾಣ. 1954ರಲ್ಲಿ ಮನುಷ್ಯರ ಔಷಧ. ಮರುವರ್ಷವೇ ಅಧ್ಯಕ್ಷ ಐಸೆನ್‌ಹೋವರ್ ಅವರ ಹೃದಯಾಘಾತಕ್ಕೆ ತಮ್ಮನ್ನೇ ಕೊಟ್ಟರು. ಮನೆತನದ ಹಿರಿಯರಾದ ಹೆಪಾರಿನ್ 1916ರಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಯ ಕಣ್ಣಿಗೆ ಬಿದ್ದವರು, ಈಗ ಹಂದಿಯ ಕರುಳಿನಿಂದ ಬರುತ್ತಾರೆ. ದಾಯಾದಿ ಆಸ್ಪಿರಿನ್ ಬೇರೆ ದಾರಿ ಹಿಡಿದು ಪ್ಲೇಟ್‌ಲೆಟ್‌ಗಳನ್ನು ಸುಮ್ಮನಾಗಿಸುತ್ತಾರೆ. ಕಿರಿಯರಾದ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಬಂದು ಇನ್ನೂ ಎರಡು ದಶಕವಾಗಿಲ್ಲ.

ಇಂಥ ಮನೆತನದವರ ಮುಂದೆ ನಿಂತು ದೂರು ಹೇಳುವುದು ಉದ್ಧಟತನವೇ. ಆದರೂ ಅಮ್ಮನ ಮಂಡಿನೋವು ಹೇಳಿಸುತ್ತಿದೆ, ಹೇಳದೆ ವಿಧಿಯಿಲ್ಲ. ದಯಮಾಡಿ ಸಾವಧಾನವಾಗಿ ಕೇಳಬೇಕು.

ಅಮ್ಮನ ಕಾಯಿಲೆ ಶುರುವಾದದ್ದೇ ಉರಿಯೂತದಿಂದ. ಕುಣಿಗಲ್ ಕಡೆಯ ಹಳ್ಳಿಯಲ್ಲಿ ಅವರು ಇನ್ನೂ ಲಂಗ ಉಡುತ್ತಿದ್ದ ವಯಸ್ಸಿನಲ್ಲಿ ಗಂಟಲು ನೋವು ಬಂತು, ಆಮೇಲೆ ಜ್ವರ, ಆಮೇಲೆ ಮಂಡಿ ಮತ್ತು ಹರಡಿನ ಊತ. ಬೆಳೆಯುವ ಮಕ್ಕಳಿಗೆ ಕಾಲುನೋವು ಇದ್ದದ್ದೇ ಎಂದು ದೊಡ್ಡವರು ಎಣ್ಣೆ ತಿಕ್ಕಿದರು. ಊತ ಇಳಿಯಿತು, ಎಲ್ಲರೂ ಮರೆತರು. ಅದು ರುಮ್ಯಾಟಿಕ್ ಜ್ವರ, ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂದು ವೈದ್ಯರು ಹೇಳುವ ಜ್ವರ. ಗಂಟಲಿನ ಸ್ಟ್ರೆಪ್ಟೊಕಾಕಸ್ ಮೇಲೆ ಯುದ್ಧಕ್ಕೆ ಹೊರಟ ದೇಹ ತನ್ನದೇ ಕವಾಟವನ್ನು ಶತ್ರುವೆಂದು ತಿಳಿದು ಬಡಿಯುತ್ತದೆ. ಗಂಟಲಿಗೆ ಆಗಲೇ ಪೆನಿಸಿಲಿನ್ ಬಿದ್ದಿದ್ದರೆ, ಜ್ವರದ ಮೇಲಾದರೂ ಮೂರು ವಾರಕ್ಕೊಮ್ಮೆ ಆ ಇಂಜೆಕ್ಷನ್ ವರ್ಷಗಟ್ಟಲೆ ಸಿಕ್ಕಿದ್ದರೆ, ಕವಾಟ ಉಳಿಯುವ ಸಾಧ್ಯತೆ ಇತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಮೈಟ್ರಲ್ ಕವಾಟವನ್ನು ಬಲೂನಿನಿಂದ ಬಿಡಿಸುವ ಚಿಕಿತ್ಸೆಗೆ ಹೆಸರಾದದ್ದು ಇಂಥ ಬಡ ಹೃದಯಗಳಿಂದಲೇ. ಅಮ್ಮನ ಕವಾಟ ಬಲೂನಿಗೂ ಒಗ್ಗದಷ್ಟು ಗಟ್ಟಿಯಾಗಿತ್ತು. ಉರಿಯೂತ ಕವಾಟವನ್ನು ತಿಂದಾಗ ತಾವು ಬರಲಿಲ್ಲ, ತಿಂದು ಮುಗಿಸಿದ ಮೇಲೆ ಬಂದಿರಿ. ತಮ್ಮನ್ನು ಕರೆಯುವ ಹೊತ್ತು ಆಗ ಬಂದಿರಲಿಲ್ಲ, ಇದು ತಮ್ಮ ತಪ್ಪಲ್ಲ ಎಂಬುದು ನಮಗೂ ಗೊತ್ತು.

ನಮಗೆ ಆಸೆ ಹತ್ತಿದ್ದು ತಮ್ಮ ವಿಚಾರವಾಗಿ ವಿಜ್ಞಾನಿಗಳು ಹೇಳತೊಡಗಿದ ಮಾತಿನಿಂದ. ರಕ್ತ ಹೆಪ್ಪುಗಟ್ಟುವುದೂ ಉರಿಯೂತವೂ ಬೇರೆ ಬೇರೆ ವ್ಯವಹಾರವಲ್ಲ, ಒಂದು ಇನ್ನೊಂದನ್ನು ಎಬ್ಬಿಸುತ್ತದೆ ಎನ್ನುತ್ತಾರೆ ಅವರು. ಹೆಪ್ಪಿಗೆ ಮೂಲವಾದ ಥ್ರಾಂಬಿನ್ ಎಂಬ ಕಿಣ್ವ ರಕ್ತದಲ್ಲಿ ನಾರು ಹೆಣೆದು ಸುಮ್ಮನಾಗುವುದಿಲ್ಲ, ಜೀವಕೋಶಗಳ ಬಾಗಿಲು ತಟ್ಟಿ ಉರಿಯೂತದ ಸಂದೇಶವನ್ನೂ ಒಳಗೆ ಕಳಿಸುತ್ತದೆ. ಆ ಬಾಗಿಲು 1991ರಲ್ಲಿ ಪತ್ತೆಯಾಯಿತು. 2004ರಲ್ಲಿ ಬರ್ಲಿನ್‌ನ ವಿಜ್ಞಾನಿಗಳು ಬಿಳಿರಕ್ತಕಣಗಳು ರೋಗಾಣು ಹಿಡಿಯಲು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸುವುದನ್ನು ಕಂಡರು. ಆ ಬಲೆಯ ಎಳೆಗಳಿಗೇ ಪ್ಲೇಟ್‌ಲೆಟ್‌ಗಳು ಅಂಟಿ ಹೆಪ್ಪು ಬೆಳೆಯುತ್ತದೆ ಎಂಬುದೂ ಆಮೇಲೆ ತಿಳಿಯಿತು. ಹಾಗಾದರೆ ಹೆಪ್ಪನ್ನು ತಡೆಯುವ ತಾವು ಉರಿಯೂತವನ್ನೂ ತಗ್ಗಿಸಬಹುದಲ್ಲ? ಹೆಪಾರಿನ್ ಅವರಂತೂ ಬಿಳಿರಕ್ತಕಣ ರಕ್ತನಾಳದ ಗೋಡೆಗೆ ಅಂಟಲು ಬೇಕಾದ ಸೆಲೆಕ್ಟಿನ್‌ಗಳನ್ನೇ ಹಿಡಿದು ಕೂರಿಸುತ್ತಾರೆ. ಇಷ್ಟು ಕೇಳಿದ ಮೇಲೆ ಆಸೆ ಹತ್ತದೆ ಇರುತ್ತದೆಯೆ?

ಇದು ದೂರದ ದೇಶದ ಮಾತೂ ಅಲ್ಲ. ಕೊಳಕುಮಂಡಲ ಹಾವು ಕಚ್ಚಿದವರನ್ನು ನೋಡಿದ ನಮ್ಮ ರೈತರಿಗೆ ಈ ನಂಟು ಕಣ್ಣಾರೆ ಗೊತ್ತು. ಕಚ್ಚಿದ ಕಾಲು ಕಂಬದಂತೆ ಊದುತ್ತದೆ, ಅದೇ ಹೊತ್ತಿಗೆ ವಸಡಿನಲ್ಲಿ ರಕ್ತ ಒಸರುತ್ತದೆ. ಆಸ್ಪತ್ರೆಯಲ್ಲಿ ಗಾಜಿನ ಕೊಳವೆಗೆ ರಕ್ತ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ವಾಲಿಸಿದರೆ ನೀರಿನಂತೆ ಹರಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಟಿ. ವೀರಬಸಪ್ಪ ಗೌಡರು ಮತ್ತು ಅವರ ಶಿಷ್ಯರು ಈ ವಿಷದೊಳಗಿನ ಕಿಣ್ವಗಳನ್ನು ಒಂದೊಂದಾಗಿ ಬೇರ್ಪಡಿಸಿ, ಊತ ತರುವುದು ಯಾವುದು, ಹೆಪ್ಪು ತಡೆಯುವುದು ಯಾವುದು ಎಂದು ಇಲಿಗಳ ಅಂಗಾಲಿನ ಊತ ಅಳೆದಳೆದು ನೋಡಿದರು. ಮಲೆನಾಡಿನ ಮಳೆಯಲ್ಲಿ ಇಂಬಳ ಹತ್ತಿಸಿಕೊಂಡವರಿಗೂ ಅದು ಬಿದ್ದುಹೋದ ಮೇಲೂ ರಕ್ತ ನಿಲ್ಲದ್ದು ಗೊತ್ತು. ವೈದ್ಯಕೀಯಕ್ಕೆ ಬಳಸುವ ಜಿಗಣೆಯ ಎಂಜಲಿನಲ್ಲಿ ಹೆಪ್ಪು ತಡೆಯುವ ಹಿರುಡಿನ್ ಜೊತೆಗೆ ಉರಿಯೂತದ ಕಿಣ್ವಗಳನ್ನು ತಡೆಯುವ ಎಗ್ಲಿನ್ ಕೂಡ ಇದೆ. ಒಂದು ಜಿಗಣೆ ಎರಡನ್ನೂ ಒಟ್ಟಿಗೆ ನಿಭಾಯಿಸುತ್ತದೆ. ತಾವೋ ಅದಕ್ಕಿಂತ ಎಷ್ಟೋ ಓದಿ ಬಂದವರು.

ಈಗ ಅಮ್ಮನ ಮಂಡಿಯ ವಿಷಯಕ್ಕೆ ಬರುತ್ತೇನೆ. ಸವೆದ ಮಂಡಿ. ಮಳೆಗಾಲದಲ್ಲಿ ಊದುತ್ತದೆ, ಮುಟ್ಟಿದರೆ ಬಿಸಿ. ಮಹಡಿ ಮೆಟ್ಟಿಲು ಹತ್ತಲಾಗುವುದಿಲ್ಲ, ದೇವರ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ದಿನವೂ ದೇಹದೊಳಗೆ ಓಡಾಡುವ ತಾವು ಆ ಊತದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪ್ರಯೋಗಾಲಯದಲ್ಲಿ ತಮ್ಮ ವರ್ತನೆಯೂ ಒಂದೇ ರೀತಿ ಇಲ್ಲವಂತೆ, ಕೆಲವು ಪ್ರಯೋಗಗಳಲ್ಲಿ ಉರಿಯೂತ ತಗ್ಗಿಸಿದ್ದೀರಿ, ಕೆಲವದರಲ್ಲಿ ಕೆರಳಿಸಿದ್ದೀರಿ. ಹೋಗಲಿ, ತಮಗೆ ಕೈಲಾಗದಿದ್ದರೆ ಕೈಲಾದವರಿಗೆ ದಾರಿ ಬಿಡಬೇಕಲ್ಲ? ಅದಕ್ಕೂ ತಮ್ಮ ಅಪ್ಪಣೆಯಿಲ್ಲ.

ಒಂದು ಸಂಜೆ ಅಮ್ಮ ಬಸ್ ಸ್ಟಾಪಿನ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ, “ಮಂಡಿ ನೋವಿಗೆ ಏನಾದ್ರೂ ಕೊಡಪ್ಪ” ಎಂದರು. “ಇದ್ ತಗೊಳ್ಳಿ ಆಂಟಿ, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ” ಎಂದು ಹುಡುಗ ಡೈಕ್ಲೊಫೆನಾಕ್ ಪಟ್ಟಿಯಿಂದ ಹತ್ತು ಮಾತ್ರೆ ಕತ್ತರಿಸಿ ಕೊಟ್ಟ. ಬೇರೆ ಮಾತ್ರೆ ತಗೊಳ್ತೀರಾ ಎಂದು ಅವನು ಕೇಳಲಿಲ್ಲ. ಮಂಡಿ ಹಗುರವಾಯಿತು, ಅಮ್ಮನ ಮುಖದಲ್ಲಿ ನಗು ಬಂತು. ವಾರ ಕಳೆಯುವುದರೊಳಗೆ ಹಲ್ಲುಜ್ಜಿದ ನೊರೆ ಕೆಂಪಾಯಿತು, ಬಳೆ ಒತ್ತಿದ ಜಾಗದಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ ಎದ್ದಿತು, ಮಲ ಟಾರಿನಂತೆ ಕಪ್ಪಾಯಿತು. ಆ ರಾತ್ರಿ ಎಮರ್ಜೆನ್ಸಿಯಲ್ಲಿ ಕೂತು ನಾನು ಕಲಿತದ್ದು ಇಷ್ಟು. ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನು ಕೆಡಿಸುತ್ತದೆ, ಪ್ಲೇಟ್‌ಲೆಟ್‌ಗಳನ್ನೂ ತಡೆಯುತ್ತದೆ. ಆಗಲೇ ತಾವು ಹೆಪ್ಪುಗಟ್ಟಲು ಬಿಡದ ರಕ್ತ ಅಲ್ಲಿಂದ ಸೋರತೊಡಗುತ್ತದೆ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟಿ ತಮ್ಮ ಬಳಗದ ಆಶ್ರಯಕ್ಕೆ ಬಂದಿದ್ದ 51,794 ಮಂದಿಯ ದಾಖಲೆಗಳನ್ನು ಡೆನ್ಮಾರ್ಕಿನಲ್ಲಿ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ನೋವಿನ ಮಾತ್ರೆ ಜೊತೆಗೂಡಿದಾಗ ರಕ್ತಸ್ರಾವದ ಅಪಾಯ ಎರಡು ಪಟ್ಟು ದಾಟಿತು. ಇಬುಪ್ರೊಫೆನ್‌ಗೆ 1.79 ಪಟ್ಟು, ಡೈಕ್ಲೊಫೆನಾಕ್‌ಗೆ 3.3, ನ್ಯಾಪ್ರೊಕ್ಸೆನ್‌ಗೆ 4.1. ಹಾಗಾದರೆ ಪ್ಯಾರಸಿಟಮಾಲ್? ದಿನಗಟ್ಟಲೆ ನುಂಗಿದರೆ ಅದೂ ತಮ್ಮ ಬಲವನ್ನು ಏರಿಸುತ್ತದೆ. ನೆಂಟರು ಪ್ರೀತಿಯಿಂದ ತಂದುಕೊಟ್ಟ ಅರಿಶಿನದ ಸಾರದ ಕ್ಯಾಪ್ಸೂಲೂ ಹಾಗೆಯೇ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ತಮ್ಮ ತಕರಾರಿಲ್ಲ ಎಂದು ಕೇಳಿ ಅಮ್ಮ ನಿಟ್ಟುಸಿರು ಬಿಟ್ಟರು. ಉರಿಯೂತದಿಂದ ಹೃದಯ ಕಳೆದುಕೊಂಡವಳಿಗೆ ಉರಿಯೂತದ ಮಾತ್ರೆಯೇ ನಿಷಿದ್ಧ. ತಮ್ಮ ಪಾದ ಹಿಡಿದು ಕೇಳುತ್ತೇನೆ, ಇದು ನ್ಯಾಯವೆ?

ತಾವು ಯತ್ನ ಮಾಡಿಲ್ಲ ಎಂದೇನೂ ನಾನು ಹೇಳುವುದಿಲ್ಲ. 2001ರಲ್ಲಿ ತಮ್ಮ ಬಂಧು ಆಕ್ಟಿವೇಟೆಡ್ ಪ್ರೋಟೀನ್ ಸಿ ಎಷ್ಟು ವೈಭವದಿಂದ ಬಂದರು! ಹೆಪ್ಪನ್ನೂ ಉರಿಯೂತವನ್ನೂ ಒಟ್ಟಿಗೆ ತಡೆಯುತ್ತಾರೆ, ನಂಜೇರಿ ಸಾಯುವವರನ್ನು ಉಳಿಸುತ್ತಾರೆ ಎಂದರು. 1,690 ರೋಗಿಗಳ ಪ್ರಯೋಗದಲ್ಲಿ ಸಾವು ಶೇ 30.8ರಿಂದ ಶೇ 24.7ಕ್ಕೆ ಇಳಿದಿತ್ತು. ಹತ್ತು ವರ್ಷ ದುಬಾರಿ ಬೆಲೆ ತೆತ್ತು ಜಗತ್ತು ಬಳಸಿತು. ಮತ್ತೊಂದು ಪ್ರಯೋಗದಲ್ಲಿ ಲಾಭವೇ ಕಾಣದೆ 2011ರ ಅಕ್ಟೋಬರಿನಲ್ಲಿ ಅವರನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡರು.

ಕೋವಿಡ್ ಕಾಲ ನೆನಪಿದೆಯಲ್ಲ? 2021ರ ಏಪ್ರಿಲ್, ಮೇ ತಿಂಗಳಲ್ಲಿ ವಿಜಯನಗರ, ಚಂದ್ರಾ ಲೇಔಟ್, ಮಲ್ಲತ್ತಹಳ್ಳಿ ಎಲ್ಲೆಡೆ ಮನೆಮಾತಾಗಿದ್ದ ಹೊಸ ಪದ ಡಿ-ಡೈಮರ್, ರಕ್ತದಲ್ಲಿ ಹೆಪ್ಪಿನ ಸುಳಿವು ಕೊಡುವ ಪರೀಕ್ಷೆ. ಆಸ್ಪತ್ರೆ ಸೇರಿದವರ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ವಂಶದ ಎನಾಕ್ಸಪರಿನ್ ಚುಚ್ಚುತ್ತಿದ್ದರು. ಉರಿಯೂತವೇ ಶ್ವಾಸಕೋಶದಲ್ಲಿ ಹೆಪ್ಪಾಗುವ ಆ ಕಾಯಿಲೆಯಲ್ಲಿ ತಮ್ಮ ಮನೆತನ ಗೆಲ್ಲುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಆ ವರ್ಷದ ಆಗಸ್ಟಿನಲ್ಲಿ ಬಂದ ಫಲಿತಾಂಶ ಇದು: ಐಸಿಯು ಮುಟ್ಟದ 2,219 ರೋಗಿಗಳ ಪ್ರಯೋಗದಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ನೆರವಾಯಿತು, ಐಸಿಯುವಿನಲ್ಲಿ ಮಲಗಿದ್ದವರಿಗೆ ಆಗಲಿಲ್ಲ. ಉರಿಯೂತ ಕೈಮೀರಿದ ಮೇಲೆ ತಮ್ಮ ಕೈಯಲ್ಲೂ ಏನೂ ಉಳಿಯುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ದಾಯಾದಿ ಆಸ್ಪಿರಿನ್ ಅವರನ್ನು ಬ್ರಿಟನ್ ನೇತೃತ್ವದ ರಿಕವರಿ ಪ್ರಯೋಗದಲ್ಲಿ 14,892 ಮಂದಿಯ ಮೇಲೆ ಪರೀಕ್ಷಿಸಿದರು. ಕೊಟ್ಟವರಲ್ಲೂ ಶೇ 17 ಸಾವು, ಕೊಡದವರಲ್ಲೂ ಶೇ 17.

ರಕ್ತಸ್ರಾವದ ಗುಣವನ್ನು ಕಳೆದು ಉರಿಯೂತದ ಮೇಲಿನ ಗುಣವನ್ನಷ್ಟೇ ಉಳಿಸಿಕೊಂಡ ಹೆಪಾರಿನ್ ಮಾಡಲಾಗದೆ ಎಂದೂ ವಿಜ್ಞಾನಿಗಳು ನೋಡಿದರು. ಹಾಗೆ ಹುಟ್ಟಿದ ಸೆವುಪಾರಿನ್ ಅನ್ನು ಕುಡಗೋಲು ಕಣ ರೋಗದ ನೋವಿಗೆ ಕೊಟ್ಟರು. ನಮ್ಮ ಚಾಮರಾಜನಗರ, ಎಚ್.ಡಿ. ಕೋಟೆಯ ಹಾಡಿಗಳಲ್ಲೂ ಇರುವ ರೋಗ ಅದು. 2021ರಲ್ಲಿ ಬಂದ ಫಲಿತಾಂಶದಲ್ಲಿ ನೋವಿನ ಅವಧಿ ತಗ್ಗಲಿಲ್ಲ. ಆದರೂ ನನಗೆ ಅತ್ಯಂತ ಭರವಸೆ ಇರುವುದು ಈ ದಾರಿಯ ಮೇಲೆಯೇ. ಅಮ್ಮನಂಥವರಿಗೆ ಬೇಕಾಗಿರುವುದು ಇಂಥದ್ದೇ. ದಯವಿಟ್ಟು ಒಂದು ಸೋಲಿಗೆ ಆ ಕದ ಮುಚ್ಚಬೇಡಿ.

ಕಿರಿಯರನ್ನು ನೆಚ್ಚಿಕೊಳ್ಳೋಣವೆಂದರೆ ಅವರು ನಮ್ಮ ಮನೆಗೆ ಬರುವವರಲ್ಲ. ಯಾಂತ್ರಿಕ ಕವಾಟದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೆಪ್ಪೂ ಹೆಚ್ಚಿತ್ತು, ರಕ್ತಸ್ರಾವವೂ ಹೆಚ್ಚಿತ್ತು. ಕವಾಟ ಬದಲಾಯಿಸದ ರುಮ್ಯಾಟಿಕ್ ರೋಗಿಗಳಿಗಾದರೂ ರಕ್ತ ಪರೀಕ್ಷೆಯ ಕಾಟವಿಲ್ಲದ ರಿವರಾಕ್ಸಬಾನ್ ಒಳ್ಳೆಯದು ಎಂದು ಎಲ್ಲರೂ ಭಾವಿಸಿದ್ದರು. ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಗಣೇಶನ್ ಕಾರ್ತಿಕೇಯನ್ ಅವರೂ ಮುಂದಾಳಾಗಿದ್ದ ಇನ್ವಿಕ್ಟಸ್ ಪ್ರಯೋಗ 24 ದೇಶಗಳ 4,531 ಮಂದಿಯನ್ನು ನೋಡಿ 2022ರಲ್ಲಿ ಹೇಳಿದ್ದೇ ಬೇರೆ. ಹಳೆಯ, ಅಗ್ಗದ, ಕಾಡಿಸುವ ತಾವೇ ಹೆಚ್ಚು ಜೀವ ಉಳಿಸಿದ್ದೀರಿ, ರಕ್ತಸ್ರಾವವನ್ನೂ ಹೆಚ್ಚು ಮಾಡದೆ. ಇದನ್ನು ಓದಿದ ದಿನ ನಿಜವಾಗಿಯೂ ತಮ್ಮ ಡಬ್ಬಿಗೆ ಕೈಮುಗಿದೆ. ಪರೀಕ್ಷೆಯ ನೆಪದಲ್ಲಿ ವೈದ್ಯರ ಮುಖವನ್ನು ಆಗಾಗ ನೋಡುವುದೇ ಒಂದು ಕಾರಣವಿರಬಹುದೇ ಎಂದು ತಜ್ಞರು ಚರ್ಚಿಸಿದ್ದಾರೆ. ನನಗಂತೂ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ.

ಆ ಪರೀಕ್ಷೆಯೇ ತಮ್ಮ ಸೇವೆಯ ಅತಿ ಕಠಿಣ ಭಾಗ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪಿಟಿ-ಐಎನ್‌ಆರ್. ಅಮ್ಮನಂಥ ಕವಾಟಕ್ಕೆ ಅಂಕಿ 2.5ರಿಂದ 3.5ರೊಳಗೆ ನಿಲ್ಲಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಅಮ್ಮನಿಗೆ ಬಸ್ಸಾರು ಎಂದರೆ ಪ್ರಾಣ. ದಂಟಿನ ಸೊಪ್ಪು, ಕಾಳು ಬಸಿದು ಪಲ್ಯ ಒಂದು ಕಡೆ, ಸಾರು ಒಂದು ಕಡೆ, ಬಿಸಿ ಮುದ್ದೆ. ಸೊಪ್ಪಿನಲ್ಲಿರುವ ಕೆ ವಿಟಮಿನ್ ತಮ್ಮ ಕೆಲಸಕ್ಕೆ ಅಡ್ಡಿ ಎಂದು ಯಾರೋ ಹೇಳಿದ್ದಕ್ಕೆ ಅವರು ಸೊಪ್ಪನ್ನೇ ಬಿಟ್ಟಿದ್ದರು. ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತೇವೆ ಎಂದು ವೈದ್ಯರು ಹೇಳಿದ ಮೇಲೆ ನಮ್ಮ ಅಡುಗೆಮನೆಗೆ ಬಸ್ಸಾರು ವಾಪಸು ಬಂತು. ಮಾತ್ರೆಯೋ ಅಗ್ಗ. ಪರೀಕ್ಷೆಗೆ ಲ್ಯಾಬಿನ ದುಡ್ಡು, ಆಟೋ ದುಡ್ಡು, ಕೂಲಿಯವರಿಗೆ ಅರ್ಧ ದಿನದ ಸಂಬಳ. ನಾಗರಬಾವಿಯಲ್ಲಿರುವ ನಮಗೆ ಲ್ಯಾಬು ಕೂಗಳತೆಯಲ್ಲಿದೆ. ಅಮ್ಮನ ಊರಿನಲ್ಲಿ ಕವಾಟ ಹಾಕಿಸಿಕೊಂಡವರು ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹತ್ತಬೇಕು, ಎಷ್ಟೋ ಮಂದಿ ಹತ್ತುವುದನ್ನೇ ಬಿಡುತ್ತಾರೆ.

ಕವಾಟವನ್ನು ನಮ್ಮವರೇ ಮಾಡಿ ತೋರಿಸಿದ ದೇಶ ಇದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರು ಕಟ್ಟಿದ ತಂಡದ ಚಿತ್ರಾ ಕವಾಟ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು. ಆಮೇಲೆ ನಮ್ಮ ಮಣಿಪಾಲಕ್ಕೆ ಬಂದು ಕುಲಪತಿಯಾಗಿ, 2024ರಲ್ಲಿ ಅಲ್ಲೇ ಕಣ್ಮುಚ್ಚಿದ ಆ ಹಿರಿಯರು ಬಡವನ ಕೈಗೆಟುಕುವ ಕವಾಟಕ್ಕಾಗಿ ವರ್ಷಗಟ್ಟಲೆ ದುಡಿದರು. ಕವಾಟ ಕೈಗೆಟುಕಿತು. ಅದನ್ನು ಕಾಯುವ ಪರೀಕ್ಷೆ ಕೈಗೆಟುಕದಿದ್ದರೆ ಅದು ಆ ದುಡಿಮೆಗೆ ಮಾಡುವ ಅವಮಾನ.

ಆದ್ದರಿಂದ ತಮ್ಮ ಸನ್ನಿಧಾನದ ಮೂಲಕ ಆರೋಗ್ಯ ಇಲಾಖೆಯವರಲ್ಲಿ ಕೈಜೋಡಿಸಿ ಕೇಳುತ್ತೇನೆ. ಸರ್ಕಾರದ ಪ್ರತಿ ‘ನಮ್ಮ ಕ್ಲಿನಿಕ್’ನಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬೆರಳ ತುದಿಯ ಹನಿ ರಕ್ತದಲ್ಲಿ ಐಎನ್‌ಆರ್ ನೋಡುವ ಯಂತ್ರ ಇಡಿ, ಪರೀಕ್ಷೆಯನ್ನು ಉಚಿತ ಮಾಡಿ. ಸಂಶೋಧಕರಲ್ಲಿ ಬೇಡುವುದೂ ಇದೆ. ಹೆಪ್ಪು ತಡೆಯುವವರಿಗೆ ಉರಿಯೂತವೂ ಬಗ್ಗುತ್ತದೆ ಎಂದು ಇಲಿಯಲ್ಲಿ ಕಂಡ ಕೂಡಲೇ ನಮಗೆ ಹೇಳಬೇಡಿ. ಜೀವಮಾನವಿಡೀ ಈ ಮಾತ್ರೆ ನುಂಗುವವರ ಮಂಡಿನೋವಿಗೆ ಯಾವ ಔಷಧ ನಿರಪಾಯ ಎಂಬುದನ್ನು ಮನುಷ್ಯರಲ್ಲಿ ನೋಡಿ ಹೇಳಿ.

ಮೆಡಿಕಲ್ ಶಾಪಿನ ತಮ್ಮಂದಿರೆ, ನೋವಿನ ಮಾತ್ರೆ ಕತ್ತರಿಸುವ ಮುಂಚೆ “ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀರಾ?” ಎಂದು ಒಂದು ಮಾತು ಕೇಳಿ. ಮನೆಯಲ್ಲಿ ಈ ಮಾತ್ರೆ ನುಂಗುವವರಿದ್ದರೆ ಐಎನ್‌ಆರ್ ಚೀಟಿಯನ್ನು ಅವರ ಪರ್ಸಿನಲ್ಲಿಡಿ, ಹಲ್ಲು ಕೀಳಿಸುವುದಿರಲಿ, ಕಷಾಯ ಕುಡಿಯುವುದಿರಲಿ, ಮೊದಲು ವೈದ್ಯರಿಗೆ ತಿಳಿಸಿ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಹೆದರಿ ಮಾತ್ರೆಯನ್ನು ನಿಮ್ಮಷ್ಟಕ್ಕೇ ನಿಲ್ಲಿಸಲೂ ಬೇಡಿ. ಗಂಟಲು ನೋವಾದ ಮಗುವಿಗೆ ಕೆಲವು ವಾರ ಬಿಟ್ಟು ಕೀಲು ಊದಿದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ಹೃದಯ ಪರೀಕ್ಷೆ ಮಾಡಿಸಿ.

ಇತಿ ತಮ್ಮ ವಿಧೇಯಳು,
ನಾಗರಬಾವಿ 2ನೇ ಹಂತ, ಬೆಂಗಳೂರು